ಶೈಲಜಾದೇವಿಯ ಉಡಿ

ಮುಂದಿನ ಸೀಟಿನ ಹೆಣ್ಣುಮಗಳ ಸೆರಗು ಕಿಟಕಿಯಿಂದ ಹೊರಗೆ ಹೋಗಿ ಬಸ್ಸಿನ ತಗಡಿಗೆ ಪಟಪಟ ಬಡಿಯುತ್ತಿದೆ, ಒಳಗೆ ಎಳೆದುಕೋ ತಾಯಿ ಎಂದು ಹೇಳಬೇಕು, ಎದುರಿನಿಂದ ನೆಲ್ಲಿನ ಲಾರಿ ಬಂದರೆ ಕಷ್ಟ, ಆದರೆ ಗುರುತಿಲ್ಲದ ಹೆಂಗಸಿನ ಸೆರಗಿನ ಮಾತನ್ನು ಗಂಡಸಾದವನು ಎತ್ತುವುದು ಹೇಗೆ, ಒಂದೇ ಒಂದು ಪಿನ್ನು, ಎಡಭುಜದ ಹಿಂದೆ, ಕುಪ್ಪಸದ ಹೊಲಿಗೆಗೆ ಸೇರಿಸಿ ಚುಚ್ಚಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ, ಜಂಬಣ್ಣನಿಗೆ ಇದೆಲ್ಲ ಗೊತ್ತು, ಸಿಂಧನೂರಿನಲ್ಲಿ ಪಂಪ್‌ಸೆಟ್ಟಿನ ಪೈಪು, ವಾಲ್ವು, ವಾಷರ್ ಮಾರುವ, ಐವತ್ಮೂರು ವರ್ಷದ, ದಪ್ಪ ಮೀಸೆಯ ಮನುಷ್ಯನಿಗೆ ಇದು ಯಾಕೆ ಗೊತ್ತು ಎಂಬುದು ಮಾತ್ರ ಈ ಬಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ — ಗೊತ್ತಾಗಬೇಕಾದದ್ದು ಬಸ್ಸಿನವರಿಗಲ್ಲ, ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುವ ಇಬ್ಬರಿಗೆ, ತಾಯಿ ಮಗಳಿಗೆ, ಅವರಿಗೆ ಹೇಳಲೆಂದೇ ಶುಕ್ರವಾರದ ವ್ಯಾಪಾರ ಬಿಟ್ಟು, ಅಂಗಡಿಯ ಷಟರ್ ಅರ್ಧ ಎಳೆದು, ಮತ್ತೆ ಎತ್ತಿ, ಮತ್ತೆ ಪೂರ್ತಿ ಎಳೆದು ಹೊರಟಿದ್ದಾನೆ. ಕಂಡಕ್ಟರ್ ಆಧಾರ್ ಕಾರ್ಡು ನೋಡುತ್ತ ಹೆಂಗಸರಿಗೆ ಟಿಕೆಟ್ ಹರಿದು ಕೊಡುತ್ತ ಬರುತ್ತಾನೆ, ಬಸ್ಸಿನ ತುಂಬ ಹೆಂಗಸರೇ, ಟಿಕೆಟ್ ಪುಕ್ಕಟೆ ಆದ ಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದರೆ ಅವರಿಗೆ ಅಡುಗೆಮನೆಯಿಂದ ಪಡಸಾಲೆಗೆ ಬಂದ ಹಾಗೆ. ಎಲ್ಲಿಗ್ರೀ ಯಜಮಾನ್ರ. ಮಸ್ಕಿ, ಅಂದ, ದನಿ ಹೊರಗೆ ಬರಲಿಲ್ಲ, ಎಲ್ಲಿಗ್ರೀ ಅಂತ ಕಂಡಕ್ಟರ್ ಮತ್ತೆ ಕೇಳಿದ, ಮಸ್ಕೀರಿ. ಅಕ್ಕ, ನಿಮಗೇನು ಟಿಕೆಟ್ ಪುಕ್ಕಟೆ ಐತಿ, ಬರಲಾರದಕ್ಕ ನೆವ ಹೇಳಬ್ಯಾಡ್ರಿ, ಎಂದಿದ್ದಳು ಆ ಮಗಳು ದೀಪಾ ಫೋನಿನಲ್ಲಿ, ಅವಳು ಅಕ್ಕ ಎಂದು ಕರೆದ ಶೈಲಜಾದೇವಿಗೆ ಪುಕ್ಕಟೆ ಹೌದು, ಜಂಬಣ್ಣನಿಗೆ ಅಲ್ಲ, ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರೂ ಸರಕಾರದ ಕಣ್ಣಿಗೆ ಬೀಳುವವನು ಒಬ್ಬನೇ. ಅವನು ಟಿಕೆಟನ್ನು ಮಡಚಿ ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡ.

ಬೈಯುವುದಾದರೆ ಜಿಲಾನಿಸಾಬನನ್ನು ಬೈಯಬೇಕು, ಹಿಂದೆ ಸಾಲಗುಂದದ ದೊಡ್ಡಾಟದ ಮೇಳದಲ್ಲಿ ಮದ್ದಲೆ ಬಾರಿಸುತ್ತಿದ್ದವನು, ಮೇಳ ಮುರಿದ ಮೇಲೆ ಮುದಗಲ್ಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಹೆಂಡತಿ ಶಿವಕುಮಾರಿ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ಮಾತಾಡಿಸಲು ಬಂದು, ಅವಳಿಲ್ಲದ ಮನೆಯಲ್ಲಿ ಟಿವಿ ಹಚ್ಚದೆ ಟಿವಿಯ ಮುಂದೆ ಕೂತಿದ್ದ ಜಂಬಣ್ಣನನ್ನು ನೋಡಿ, ಕೊಡಪ ನಿನ್ನ ಫೋನು ಇಲ್ಲಿ, ಅಂತ ಇಸಿದುಕೊಂಡು ಅದರೊಳಗೆ ಒಂದು ಆಟ ಹಾಕಿಕೊಟ್ಟು ಹೋದ. ಗುಂಡು ಹಾರಿಸುವ ಆಟ, ಎಲ್ಲೆಲ್ಲಿಯ ಜನವೋ ಅದರೊಳಗೆ ಸೇರಿ ಒಬ್ಬರನ್ನೊಬ್ಬರು ಕೊಂದು ಮತ್ತೆ ಮೈ ಕೊಡವಿಕೊಂಡು ಎದ್ದು ಬರುತ್ತಾರೆ, ಸಾಯುವುದೆಂದರೆ ಸೀನಿದಷ್ಟೇ ಅಲ್ಲಿ, ಆದರೆ ಗುಡ್ಡಗಳಿವೆ, ಹೊಳೆಯಿದೆ, ಯಾರಪ್ಪನದೂ ಅಲ್ಲದ ಬಯಲಿದೆ, ಹಲಗೆ ದಿಮ್ಮಿ ಒಟ್ಟಿ ಮನೆ ಕಟ್ಟಬಹುದು, ಬಯಲನ್ನು ಕಂಡ ಜಿಲಾನಿಸಾಬ ಮನೆ ಕಟ್ಟಲಿಲ್ಲ, ಅಟ್ಟ ಕಟ್ಟಿದ, ದೊಡ್ಡಾಟದ ಅಟ್ಟ, ನಾಲ್ಕು ಕಂಬ, ಕೆಂಪು ಪರದೆ, ಹಿಮ್ಮೇಳಕ್ಕೆ ಒಂದು ಬೆಂಚು, ಅಲ್ಲಿ ಯಾರು ಮಾತಾಡಿದರೂ ಹತ್ತಿರ ಇದ್ದವರ ಫೋನಿನಲ್ಲೆಲ್ಲ ಕೇಳುತ್ತದೆ, ಮೈಕಿನವನ ಹಂಗಿಲ್ಲ, ಜನರೇಟರಿನ ಹಂಗಿಲ್ಲ, ಬಾರಪ ಜಂಬಣ್ಣ, ಚಂದ್ರಸೇನ ರಾಜನ ಆಟ ಎತ್ತೂಣು, ನಾ ಸಾರಥಿ ಆಗಿ ಪದಾ ಹಾಡ್ತೀನಿ, ನೀ ರಾಣಿ, ನಿನ್ನ ಬಿಟ್ಟು ಶೈಲಜಾದೇವಿ ಯಾರದಾರ. ಇಪ್ಪತ್ತಾರು ವರ್ಷ ಆಗಿತ್ತು ಆ ಹೆಸರನ್ನು ಯಾರೂ ಅಂದು. ತವರಿಲ್ಲದ, ಗಂಡನ ಅನುಮಾನಕ್ಕೆ ಸಿಕ್ಕಿ ಏಳು ತಿಂಗಳ ಬಸುರಿಯಾಗಿ ಕಾಡಿಗೆ ಹೋಗುವ ರಾಣಿ, ಜವಳಗೇರಾದಿಂದ ಎತ್ತಿನ ಬಂಡಿ ಕಟ್ಟಿಕೊಂಡು ಜನ ಅವಳ ಅಳು ಕೇಳಲು ಬರುತ್ತಿದ್ದರು, ಅಂಗಡಿಯ ಹಿಂದಿನ ಗೋಡೌನಿನಲ್ಲಿ ಪೈಪಿನ ಸುರುಳಿಯ ಮೇಲೆ ಕೂತು, ಗಿರಾಕಿ ಇಲ್ಲದ ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿನಲ್ಲಿ, ಗಂಟಲು ಸಣ್ಣ ಮಾಡಿ ಮೊದಲ ಪದ ಎತ್ತಿದಾಗ ಕೆಮ್ಮು ಬಂತು, ಎರಡನೇ ಸಲವೂ ಬಂತು, ಮೂರನೇ ಸಲ ಅವಳೇ ಬಂದಳು, ಶೈಲಜಾದೇವಿ, ಎಲ್ಲಿಗೂ ಹೋಗಿರಲೇ ಇಲ್ಲ ಎಂಬಂತೆ, ಮತ್ತು ಜಂಬಣ್ಣ ಪೈಪಿನ ಮೇಲೆ ಕೂತಲ್ಲೇ ಕಣ್ಣೊರೆಸಿಕೊಂಡ. ಆಟದೊಳಗಿನ ಗೊಂಬೆಗೆ ಸೀರೆ ಇಲ್ಲ, ಉದ್ದ ನಿಲುವಂಗಿಗೆ ಶಾಲು ಹೊದಿಸಿ ಸೀರೆ ಮಾಡಿದರು, ಬಸುರಿನ ಹೊಟ್ಟೆ ಇಲ್ಲ, ಗುರಾಣಿಯನ್ನು ಮುಂದೆ ಕಟ್ಟಿ ಶಾಲು ಮುಚ್ಚಿದರು, ಅಳು ಇದೆ, ಒಂದು ಗುಂಡಿ ಒತ್ತಿದರೆ ಗೊಂಬೆ ಎರಡೂ ಕೈಯಲ್ಲಿ ಮುಖ ಮುಚ್ಚಿ ಭುಜ ಕುಣಿಸುತ್ತದೆ, ನಾಲ್ಕು ಎಣಿಸುವಷ್ಟರಲ್ಲಿ ಕೈ ತಾನೇ ಕೆಳಗಿಳಿದು ನಗುಮುಖ ಕಾಣುತ್ತದೆ, ಆ ನಗು ತೆಗೆಯಲು ಬರುವುದಿಲ್ಲ, ಆದ್ದರಿಂದ ರಾಣಿಯ ದುಃಖ ಮುಗಿಯುವ ತನಕ ಬೆರಳು ಎತ್ತದೆ ಒತ್ತುತ್ತಲೇ ಇರಬೇಕು. ಕಾಡಿನ ಪದಕ್ಕೆ ಅವನು ಮೂವತ್ತೊಂದು ಸಲ ಒತ್ತುತ್ತಾನೆ.

ಬಸ್ಸು ಕಾಲುವೆ ದಾಟಿತು, ನಾಟಿ ಹಾಕಿದ ಗದ್ದೆಗಳಲ್ಲಿ ಹೆಂಗಸರು ಬಗ್ಗಿದ್ದಾರೆ, ಯಾರೋ ತೆಲುಗಿನಲ್ಲಿ ಯಾರನ್ನೋ ಕೂಗಿದರು, ಕ್ಯಾಂಪಿನ ಸ್ಟಾಪಿನಲ್ಲಿ ಮತ್ತೆ ನಾಲ್ಕು ಜನ ಹೆಂಗಸರು ಹತ್ತಿದರು — ಅಕ್ಕ ಎಂದಳಲ್ಲ ದೀಪಾ, ಮೊದಲನೇ ದಿನವೇ, ಅಕ್ಕ ನಿಮ್ಮ ದನಿ ಭಾಳ ಚಂದ ಐತ್ರಿ, ಅವಳು ರಾಜನ ವೇಷಕ್ಕೆ ಬಂದವಳು, ಮಸ್ಕಿಯಲ್ಲಿ ಸರಕಾರಿ ಆಫೀಸೊಂದರಲ್ಲಿ ಕಂಪ್ಯೂಟರ್ ಆಪರೇಟರ್, ಗುಂಡು ಹಾರಿಸಲು ಆಟಕ್ಕೆ ಬಂದು, ಅಟ್ಟ ಕಂಡು ನಿಂತು, ನಾನೂ ಬರ್ಲೇನ್ರಿ ಎಂದು ಕೇಳಿ, ಆರು ತಿಂಗಳಲ್ಲಿ ಜಿಲಾನಿಸಾಬನ ಬೈಗುಳ ತಿಂದು ಚಂದ್ರಸೇನನ ಮಾತೆಲ್ಲ ಬಾಯಿಪಾಠ ಮಾಡಿದವಳು, ಅವಳು ಅಕ್ಕ ಎಂದಾಗ ಜಂಬಣ್ಣ ಓ ಎಂದ. ಎಂದದ್ದು ಸುಳ್ಳಲ್ಲ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತಾನೆ ಅದು ಸುಳ್ಳಾಗಿರಲಿಲ್ಲ, ಸಾಲಗುಂದದ ಮೇಳದಲ್ಲಿ ಹೆಣ್ಣುವೇಷದವನಿಗೆ ಮುಖಕ್ಕೆ ಬಣ್ಣ ತಾಗಿದ ಗಳಿಗೆಯಿಂದ ಕೊಬ್ಬರಿಎಣ್ಣೆ ಹಚ್ಚಿ ತೊಳೆಯುವ ತನಕ ಅಕ್ಕ ಎಂದೇ ಕರೆಯಬೇಕು, ಹೆಸರು ಹಿಡಿದರೆ ಮಾಸ್ತರರು ತಾಳ ಎತ್ತಿ ಒಗೆಯುತ್ತಿದ್ದರು, ಬಿಳಿಮೀಸೆಯ ಮುದುಕರು ಕೂಡ ಅಕ್ಕಾ, ಒಂದು ಬೀಡಿ ಕೊಡ ಎನ್ನುತ್ತಿದ್ದರು, ಅಕ್ಕ ಬೀಡಿ ಕೊಡುತ್ತಿದ್ದಳು, ಇದು ಲೋಕಕ್ಕೆಲ್ಲ ಗೊತ್ತಿರುವ ರಿವಾಜು ಎಂದುಕೊಂಡದ್ದು ಜಂಬಣ್ಣನ ತಪ್ಪು. ಲೋಕ ಎಂದರೆ ಸಾಲಗುಂದದ ಅಟ್ಟದ ಸುತ್ತಲಿನ ಅಷ್ಟು ಜಾಗ ಎಂದುಕೊಂಡಿದ್ದ. ದೀಪಾ ಹುಟ್ಟುವ ಹೊತ್ತಿಗೆ ಆ ಅಟ್ಟದ ಕಂಬ ಬಿಚ್ಚುತ್ತ ಬಂದಿದ್ದರು, ಅವಳಿಗೆ ಎಲ್ಲಿಂದ ಗೊತ್ತಾಗಬೇಕು, ದನಿ ಹೆಣ್ಣಿನದು, ಹೆಸರು ಶೈಲಜಾ, ಅಂದ ಮೇಲೆ ಅಕ್ಕ ಅಕ್ಕನೇ. ಒಂದು ದಿನ ತಾಲೀಮು ಮುಗಿದು ಜಿಲಾನಿಸಾಬನೂ ಹಿಮ್ಮೇಳದವರೂ ಹೋದ ಮೇಲೆ ರಾಜ ರಾಣಿ ಇಬ್ಬರೇ ಅಟ್ಟದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು, ಆರಡಿ ಎತ್ತರದ, ಕಿರೀಟದ, ಹುರಿಮೀಸೆಯ ರಾಜನೊಳಗಿಂದ ಆ ಹುಡುಗಿಯ ದನಿ ಸಣ್ಣಗೆ ಬಂತು, ಎರಡು ಸಲ ಹೋತ್ರಿ ಅಕ್ಕ, ಎರಡನೇದು ಐದು ತಿಂಗಳಿಂದು, ಡಾಕ್ಟರು ತೋರಸ್ಲಿಲ್ಲ ನಾನೂ ಕೇಳಲಿಲ್ಲ, ಗಂಡನ ಮನಿಯಾಗ ಮಾತಾಡೋದು ಬಿಟ್ಟಾರ, ಅವ್ವನ ಹತ್ರ ಬಂದು ವರ್ಷಾತು, ಯಾರ ಮುಂದನೂ ಹೇಳಿಲ್ಲ. ಜಂಬಣ್ಣ ಅಳುವ ಗುಂಡಿ ಒತ್ತಿದ, ರಾಣಿ ಅತ್ತಳು, ರಾಜನೂ ಅತ್ತ, ಅಕ್ಕಪಕ್ಕ ಕೂತು ಇಬ್ಬರೂ ಒತ್ತಿ ಒತ್ತಿ ಅತ್ತರು, ಆಮೇಲೆ ಅವಳು ಅಂದಳು, ಗಂಡಸರ ಮುಂದ ಇಂಥಾದ್ದು ಹೇಳಾಕ ಬರಂಗಿಲ್ಲಲ್ಲರಿ ಅಕ್ಕ, ನೀವೊಬ್ರು ಅದೀರಿ. ಆಗ ತಿಳಿಯಿತು ಅವನಿಗೆ. ಪೈಪಿನ ಸುರುಳಿಯ ಮೇಲೆ, ಕೈಯಲ್ಲಿ ಫೋನು ಹಿಡಿದು, ಆಗಲೇ ಹೇಳಬೇಕಿತ್ತು, ಯವ್ವಾ ನಾನು ಗಂಡಸು ಎಂದು ಆ ಗಳಿಗೆಯಲ್ಲೇ ಹೇಳಬೇಕಿತ್ತು, ಹೇಳಿದ್ದರೆ ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿತ್ತು, ಹೇಳದಿದ್ದರೆ ತನಗೆ, ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ, ಜಂಬಣ್ಣ ನುಂಗಿದ, ಹ್ಞೂಂ ನನ್ನವ್ವ, ನಾ ಅದೀನಿ ಎಂದ. ಇಡೀ ವಾರದಲ್ಲಿ ಅವನನ್ನು ಬೇಕೆಂದು ಕರೆದ ದನಿ ಅದೊಂದೇ ಆಗಿತ್ತು.

ಅಲ್ಲಿಂದ ಮುಂದೆ ಸುಳ್ಳಿಗೆ ಕಾಲು ಬಂದವು. ನಿಮಗ ಎಷ್ಟು ಮಕ್ಕಳ್ರಿ ಅಕ್ಕ. ಇಬ್ಬರು, ಅಂದ. ಹೆಸರೇನ್ರಿ. ಚನ್ನು, ದಾನೇಶ್ವರಿ. ನಾಲಿಗೆ ಎಲ್ಲಿಂದ ತಂದಿತು ಆ ಹೆಸರುಗಳನ್ನು, ಶಿವಕುಮಾರಿ ಮದುವೆಯಾದ ಹೊಸದರಲ್ಲಿ ಎತ್ತಿಟ್ಟುಕೊಂಡಿದ್ದ ಹೆಸರುಗಳು ಅವು, ಹುಡುಗ ಆದ್ರ ಚನ್ನು, ಹುಡುಗಿ ಆದ್ರ ದಾನೇಶ್ವರಿ, ಹತ್ತು ವರ್ಷ ಕಾದು ಆಮೇಲೆ ಆ ಹೆಸರುಗಳನ್ನು ಬಾಯಿಗೆ ತರುವುದನ್ನೇ ಬಿಟ್ಟಳು, ಅವನ್ನು ತೆಗೆದು ಆಟದೊಳಗಿನ ಹುಡುಗಿಗೆ ಕೊಟ್ಟುಬಿಟ್ಟೆಯಲ್ಲೋ ಜಂಬಣ್ಣ, ಚನ್ನುಗ ಜ್ವರ ಬಂದಾವು ಇವತ್ತು ತಾಲೀಮಿಗೆ ಬರಂಗಿಲ್ಲ ಎಂದು ಒಂದು ದಿನ ಹೇಳಿದೆ, ಮರುದಿನ ಅವಳು ಚನ್ನು ಹೆಂಗದಾನ್ರಿ ಎಂದು ಕೇಳಿದಾಗ ಈಗ ಆರಾಮ ಅದಾನ ಎಂದೆ, ಎಂದು ಫೋನಿಟ್ಟು, ಗೋಡೌನಿನಲ್ಲಿ ನಿಂತು, ಜ್ವರ ಬಿಟ್ಟ ಮಗನ ಹಣೆ ಹೇಗಿರುತ್ತದೆ ಎಂದು ಯೋಚಿಸಿದೆ. ಹುಚ್ಚು ಹಿಡಿಯಲು ಇದಕ್ಕಿಂತ ಹೆಚ್ಚು ಬೇಕೇನು. ಹೋದ ಭಾನುವಾರ ಪೂರ್ತಿ ಆಟ ಆಯಿತು, ನಡುಮಧ್ಯಾಹ್ನ ಹನ್ನೆರಡಕ್ಕೆ ಶುರು, ನೋಡಲು ಅರವತ್ತು ಜನ, ಕರಡಿ ತಲೆಯವರು, ಬರೀ ಎಲುಬಿನವರು, ಮೈತುಂಬ ಬಂದೂಕು ಹೊತ್ತ ಸಿಪಾಯಿಗಳು, ಹುಲ್ಲಿನ ಮೇಲೆ ಕೂತರು, ಶುರುವಿನಲ್ಲಿ ಒಬ್ಬ ಗುಂಡು ಹಾರಿಸಿದ, ಅದು ರಾಣಿಯ ಬಸುರಿಗೆ ಬಡಿದು ಠಣ್ ಎಂದಿತು, ಜನ ನಕ್ಕಿತು, ಜಿಲಾನಿಸಾಬ ಅದಕ್ಕೂ ಒಂದು ತಾಳ ಕೂಡಿಸಿ ಪದ ಮುಂದುವರಿಸಿದ, ಆದರೆ ಕಾಡಿನ ಪದ ಬಂದಾಗ, ಮೂವತ್ತೊಂದು ಸಲ ಒತ್ತುವ ಪದ, ಇಪ್ಪತ್ತರ ಹತ್ತಿರ ಜಂಬಣ್ಣ ನೋಡುತ್ತಾನೆ, ಮುಂದಿನ ಸಾಲಿನ ಸಿಪಾಯಿ ಬಂದೂಕನ್ನು ಕೆಳಗಿಟ್ಟ, ಪಕ್ಕದವನೂ ಇಟ್ಟ, ಅಲ್ಲಿ ಬಂದೂಕು ಕೆಳಗಿಡುವುದೆಂದರೆ ಸಣ್ಣ ಮಾತಲ್ಲ, ಇಟ್ಟದ್ದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು, ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು, ಹುಲ್ಲಿನ ತುಂಬ ಬಂದೂಕು, ಯಾರೂ ಎತ್ತಲಿಲ್ಲ. ಆ ಗಳಿಗೆಯಲ್ಲಿ, ಯಾವ ಪುಸ್ತಕದಲ್ಲೂ ಇಲ್ಲದ ಹಾಗೆ, ರಾಣಿಯನ್ನು ಕಾಡಿಗೆ ಅಟ್ಟಿದ ಚಂದ್ರಸೇನ ರಾಜನೇ ಅಟ್ಟ ಹತ್ತಿ ಬಂದ, ಬಂದು ಅವಳ ಮುಂದೆ ಒಂದು ಗೋಧಿಯ ಚೀಲ, ಒಂದು ತೆಂಗಿನಕಾಯಿ, ಒಂದು ಹಸಿರು ಬಟ್ಟೆ ಇಟ್ಟ, ಅಲ್ಲಿ ಅಕ್ಕಿ ಸಿಗುವುದಿಲ್ಲ, ದೀಪಾ ಪಿಸುಗುಟ್ಟಿದಳು, ನಮ್ಮವ್ವ ಬಾಜೂಕ ಕುಂತು ನೋಡಾಕತ್ಯಾಳ್ರಿ ಅಕ್ಕ, ಏಳು ತಿಂಗಳ ಬಸುರಿ ಬರೀ ಉಡ್ಯಾಗ ಕಾಡಿಗೆ ಹೋಗಬಾರದು ಅಂತ ಅಳಾಕತ್ಯಾಳ, ಉಡಿ ತುಂಬು ಅಂತ ಜುಲುಮಿ ಮಾಡ್ಯಾಳ. ಆಟ ಮುಗಿದ ಮೇಲೆ ಆ ತಾಯಿ ಅಂಬಮ್ಮನೇ ಫೋನಿಗೆ ಬಂದಳು, ಯವ್ವಾ ಶೈಲಜಾ, ಗ್ವಾಂಬಿಗೆ ತುಂಬಿದ್ದು ಉಡಿ ಅಲ್ಲ, ನೀ ಶುಕ್ರವಾರ ಬಾ, ಮಕ್ಕಳೊಂದಿಗಳು ನೀ, ಎರಡು ಮಕ್ಕಳ ತಾಯಿ, ನಿನ್ನ ಉಡಿ ತುಂಬಿ ಅದರಾಗಿನ ಅಕ್ಕಿ ಐದು ಹಿಡಿ ನನ್ನ ಮಗಳ ಉಡ್ಯಾಗ ನೀ ಹಾಕಬೇಕು, ನಮ್ಮ ಮನಿತನದಾಗ ಹಂಗ ಮಾಡಿ ಯಾರಿಗೂ ಹುಸಿ ಹೋಗಿಲ್ಲ. ಜಂಬಣ್ಣ ಅದೇ ಸಣ್ಣ ದನಿಯಲ್ಲಿ ಆಗಲ್ರೀ ಅಮ್ಮ ಎಂದ. ಆಗಲಿ ಎಂದನೋ ಆಗುವುದಿಲ್ಲ ಎಂದನೋ ಎಂದು ಅನುಮಾನಿಸಲು ಅಂಬಮ್ಮನಿಗೆ ಕಾರಣವಿರಲಿಲ್ಲ, ಅವಳು ಗುರುವಾರವೇ ಕೊಬ್ಬರಿ ಬಟ್ಟಲು ತಂದಿಟ್ಟುಕೊಂಡಳು.

ಸೆರಗು ಒಳಗೆ ಬಂತು, ಆ ಹೆಣ್ಣುಮಗಳೇ ಎಳೆದುಕೊಂಡಳು, ಅವಳ ತೊಡೆಯ ಮೇಲಿನ ಕೂಸು ಸೀಟಿನ ಸಂದಿಯಿಂದ ಜಂಬಣ್ಣನ ಮೀಸೆ ನೋಡುತ್ತಿದೆ, ನೋಡಬೇಡ ಕೂಸೇ, ನನ್ನ ಹತ್ತಿರ ಏನೂ ಇಲ್ಲ. ಮನೆಗೆ ಉಡಿ ಬಂದಿತ್ತು ಒಮ್ಮೆ. ಮದುವೆಯಾಗಿ ಐದನೇ ವರ್ಷ, ಸಾಲಗುಂದದಲ್ಲೇ, ಇದೇ ರಾಣಿ, ಇದೇ ಕಾಡಿನ ಪದ, ಹೆಂಗಸರು ಅಳುತ್ತ ಅಟ್ಟ ಹತ್ತಿ ಬಂದರು, ಅಕ್ಕಿ, ಉತ್ತತ್ತಿ, ಅರಿಷಿಣದ ಬೇರು, ಕೊಬ್ಬರಿ, ಹಸಿರು ಖಣ, ಅವನ ಸೆರಗು ಹರಿಯುವಷ್ಟು ತುಂಬಿದರು, ಎಷ್ಟು ಹಿಗ್ಗು ಆಗ, ಮಾಸ್ತರರು ಬೆನ್ನು ತಟ್ಟಿ ಗಂಡಸಾಗಿ ಉಡಿ ತುಂಬಿಸಿಕೊಂಡಿಯಲ್ಲಲೇ, ಇದಕ್ಕಿಂತ ದೊಡ್ಡ ಬಿರುದು ಯಾವುದೈತಿ ಎಂದಿದ್ದರು, ಅವನು ಬೆಳಿಗ್ಗೆ ಕಿವಿಯ ಹಿಂದೆ ಬಣ್ಣ ಉಳಿದ ಹಾಗೆಯೇ ಸಿಂಧನೂರಿಗೆ ಬಂದು, ತೊಟ್ಟಿಲ ಕೂಸನ್ನು ತಂದ ಹಾಗೆ ಆ ಗಂಟು ತಂದು ಶಿವಕುಮಾರಿಯ ಮುಂದೆ ಬಿಚ್ಚಿದ. ಅವಳು ರೊಟ್ಟಿ ಬಡಿಯುತ್ತಿದ್ದಳು, ಹಿಟ್ಟಿನ ಕೈಯಲ್ಲಿಯೇ ನೋಡಿದಳು, ಓಣಿಯಲ್ಲಿ ಸೀಮಂತ, ಕುಪ್ಪಸ, ತೊಟ್ಟಿಲು ಎಂದರೆ ಇವಳ ಬಾಗಿಲು ಬಿಟ್ಟು ಆಚೆ ಬಾಗಿಲಿಗೆ ಕುಂಕುಮ ಕೊಟ್ಟು ಕರೆಯುತ್ತಿದ್ದ ವರ್ಷಗಳು ಅವು, ಕರೆಯದಿದ್ದುದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ತಂದ, ಹಿಗ್ಗಿನಲ್ಲಿ ಕಣ್ಣು ಮುಚ್ಚಿತ್ತು. ನಿನ್ನ ಉಡಿ ತುಂಬಿ ಕಳಿಸ್ಯಾರ, ಅಂದಳು ಶಿವಕುಮಾರಿ, ನನ್ನ ಯಾರೂ ಕರಿಯಂಗಿಲ್ಲ. ಅಷ್ಟೇ. ಸಿಟ್ಟಿರಲಿಲ್ಲ ದನಿಯಲ್ಲಿ, ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತುಟ್ಟಿ ಆಗಿದೆ ಎಂದ ಹಾಗೆ ಅಂದು ಮತ್ತೆ ರೊಟ್ಟಿ ಬಡಿದಳು. ಆ ಅಕ್ಕಿಯನ್ನು ಅವಳು ಅಡುಗೆ ಮಾಡಲಿಲ್ಲ, ಚೆಲ್ಲಲೂ ಇಲ್ಲ, ದೇವರ ಜಗಲಿಯ ಮೇಲೆ ಇಟ್ಟಳು, ನುಸಿ ಹತ್ತುವ ತನಕ ಅಲ್ಲೇ ಇತ್ತು. ಜಂಬಣ್ಣ ಮತ್ತೆ ಬಣ್ಣ ಹಚ್ಚಲಿಲ್ಲ, ಮೀಸೆ ಬಿಟ್ಟ, ಮಾವನ ಕಡೆಯವರ ಸಹಾಯದಿಂದ ಪೈಪಿನ ಅಂಗಡಿ ಹಾಕಿದ, ಯಾಕ ಬಿಟ್ಟಿ ಎಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ, ಹೀಗೆ ಒಂದು ಮಾತನ್ನು ಮಧ್ಯೆ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ತಾಟಿನಲ್ಲಿ ಉಂಡ ಹಾಗೆ ಉಂಡರು, ಆಮೇಲೆ ಆಕ್ಸಿಜನ್ ಇಲ್ಲದ ಒಂದು ವಾರ ಬಂತು, ಅವಳು ಹೋದಳು. ಈಗ ಇನ್ನೊಬ್ಬಳು ಬರೀ ಉಡಿಯವಳ ಮುಂದೆ ಇವನು ತನ್ನ ಉಡಿ ಒಡ್ಡಿ ನಿಲ್ಲಬೇಕು, ಅದೂ ಮಕ್ಕಳೊಂದಿಗಳ ಹೆಸರಿನಲ್ಲಿ. ಆ ಐದು ಹಿಡಿ ಅಕ್ಕಿಯ ಮೇಲೆ ಆ ಹುಡುಗಿ ಎಷ್ಟು ಆಸೆ ಇಟ್ಟಿದ್ದಾಳೋ, ಅದರೊಳಗೆ ಏನೂ ಇಲ್ಲ ಎಂದು ಗೊತ್ತಿರುವವನು ಇಡೀ ಲೋಕದಲ್ಲಿ ಇವನೊಬ್ಬನೇ.

ಹೇಳಿಬಿಡಪ, ಎಂದ ಜಿಲಾನಿಸಾಬ ನಿನ್ನೆ ಫೋನಿನಲ್ಲಿ, ಅವನಿಗೆ ನಡೆದದ್ದೆಲ್ಲ ಹೇಳಿದಾಗ, ಅಕಿ ಬೈದ್ರ ಬೈಸಿಕೋ, ಅಷ್ಟ ಅಲ್ಲ, ಮಗಳಂಥಾಕಿ, ನಮ್ಮ ಹಳೇ ರಿವಾಜು ತಿಳಿಸಿ ಹೇಳು, ನಾ ಬೇಕಾದ್ರ ಸಾಕ್ಷಿ ನುಡೀತೀನಿ, ಆದ್ರ ಬಣ್ಣ ಹಚ್ಚಿಕೊಂಡವ ತೊಳಕೊಳ್ಳದ ಮನಿಗಿ ಹೋಗಬಾರದು ಜಂಬಣ್ಣ. ತೊಳೆದುಕೊಳ್ಳುವುದು ಎಲ್ಲಿ, ಆ ಆಟದಲ್ಲಿ ಬಣ್ಣದ ಮನೆ ಇಲ್ಲ, ಎಣ್ಣೆ ಇಲ್ಲ, ಫೋನು ಆರಿಸಿದರೆ ಮುಗಿಯಿತು, ಆರಿಸಿದ ಮೇಲೂ ಶೈಲಜಾದೇವಿ ಅಂಗಡಿಯಲ್ಲಿ ವಾಷರ್ ಎಣಿಸುತ್ತ ಕೂರುತ್ತಾಳೆ. ಹೇಳುತ್ತೇನೆ. ಇಳಿದ ಕೂಡಲೇ, ಕೈ ಮುಗಿದು, ಯವ್ವಾ ದೀಪಾ, ನಾನೇ ಶೈಲಜಾ. ಇಲ್ಲ, ಮೊದಲು ತಾಯಿಗೆ, ಅಮ್ಮಾರ, ಕಾಲಿಗೆ ಬೀಳ್ತೀನಿ, ತಪ್ಪಾತ್ರಿ. ಯಾವ ದನಿಯಲ್ಲಿ. ಗಂಡುದನಿಯಲ್ಲಿ ಹೇಳಿದರೆ ಯಾವನೋ ತುಡುಗ ಎಂದುಕೊಂಡಾರು, ನಂಬಬೇಕಾದರೆ ಆ ದನಿಯೇ ಆಗಬೇಕು, ಹಾಡುಹಗಲು ಬಸ್‌ಸ್ಟ್ಯಾಂಡಿನ ನಡುವೆ ನಿಂತು ಈ ಮೀಸೆಯ ಕೆಳಗಿಂದ ಹೆಣ್ಣಿನ ದನಿ ತೆಗೆದರೆ ಬಾಳೆಹಣ್ಣಿನ ಬಂಡಿಯವನೂ ತಿರುಗಿ ನೋಡುತ್ತಾನೆ,‌ ನೋಡಲಿ, ಇವನ ಮಾನಕ್ಕೆ ಬಂದದ್ದೇನಿದೆ, ಮಾನ ಆ ಹುಡುಗಿಯದು, ಐದು ತಿಂಗಳಿನದು ಎಂದು ಹೇಳಿದ್ದು ಗಂಡಸಿಗೆ ಎಂದು ತಿಳಿದ ಗಳಿಗೆಯಲ್ಲಿ ಅವಳ ಮುಖ ಏನಾಗುತ್ತದೆ, ಅವಳು ಮತ್ತೆ ಯಾರಿಗಾದರೂ ಏನನ್ನಾದರೂ ಹೇಳಿಯಾಳೇ. ಹೇಳದಿದ್ದರೋ, ಶೈಲಜಾ ಇವತ್ತು ಬರಲಿಲ್ಲ ಎಂದಾಗುತ್ತದೆ, ನಾಳೆ ಮತ್ತೆ ಅಕ್ಕ ಎನ್ನುತ್ತಾಳೆ, ಮುಂದಿನ ಶುಕ್ರವಾರ ಬರ್ರಿ ಎನ್ನುತ್ತಾಳೆ — ಇಲ್ಲ, ಹೇಳಲೇಬೇಕು, ಶಿವಕುಮಾರಿಗೆ ಒಂದು ಮಾತು ಹೇಳದೆ ಇಪ್ಪತ್ತೆರಡು ವರ್ಷ ಕಳೆದವನು, ಇವಳಿಗಾದರೂ ಹೇಳು. ಮಸ್ಕಿ ಗುಡ್ಡ ಕಂಡಿತು. ಫೋನಿನ ಸದ್ದು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ, ಕರೆ ಬಂದರೆ ಅದು ನಡುಗುವುದೊಂದು ಉಳಿಯಿತು. ಮಸ್ಕಿ ಯಾರ್ರೀ ಮಸ್ಕಿ, ಎಂದು ಕಂಡಕ್ಟರ್ ಕೂಗಿದಾಗ ಅರ್ಧ ಬಸ್ಸೇ ಎದ್ದು ನಿಂತಿತು.

ಹೆಂಗಸರು ಇಳಿಯುತ್ತಾರೆ, ಚೀಲದವರು, ಕೂಸಿನವರು, ಕೊಡದವರು, ಅವರ ಹಿಂದೆ ಜಂಬಣ್ಣ, ಕಿಟಕಿಯಲ್ಲೇ ಕಂಡಳು ಅವಳು, ಹಸಿರು ಚೂಡಿದಾರ ಹಾಕ್ಕೊಂಡಿರ್ತೀನಿ ಎಂದಿದ್ದಳು, ಹಾಕಿಕೊಂಡಿದ್ದಾಳೆ, ಎಷ್ಟು ಗಿಡ್ಡ ಇದ್ದಾಳೆ, ಎಷ್ಟು ತೆಳ್ಳಗೆ, ಆ ಚಂದ್ರಸೇನ ರಾಜ ಇಷ್ಟೇ ಇಷ್ಟು ಹುಡುಗಿಯೇ, ಹಿಂದೆ ಸಿಮೆಂಟಿನ ಕಟ್ಟೆಯ ಮೇಲೆ ತಾಯಿ, ತೊಡೆಯ ಮೇಲೆ ತಾಟು, ತಾಟಿನ ಮೇಲೆ ಮುಚ್ಚಿದ ಖಣ, ಬಿಸಿಲಿಗೆ ಸೆರಗು ಹಿಡಿದಿದ್ದಾಳೆ, ತನ್ನ ತಲೆಗಲ್ಲ, ತಾಟಿಗೆ. ದೀಪಾ ಬಾಗಿಲ ಪಕ್ಕದಲ್ಲಿ ನಿಂತು ಇಳಿಯುವ ಒಬ್ಬೊಬ್ಬ ಹೆಂಗಸಿನ ಮುಖ ನೋಡುತ್ತಿದ್ದಾಳೆ, ಇವಳಾ ಎಂದು ತುಟಿಯಲ್ಲಿ ಅರ್ಧ ನಗು ತಂದು, ಆ ಹೆಂಗಸು ದಾಟಿ ಹೋದ ಮೇಲೆ ನಗು ಇಳಿಸಿ, ಮುಂದಿನವಳಿಗೆ ಮತ್ತೆ ತಂದು, ಮೂವತ್ತು ಹೆಂಗಸರಿಗೆ ಮೂವತ್ತು ಸಲ, ಕೊನೆಗೆ ಜಂಬಣ್ಣ ಮೆಟ್ಟಿಲ ಮೇಲೆ, ನಗು ಬರಲಿಲ್ಲ, ಕಣ್ಣು ಅವನನ್ನು ದಾಟಿ ಹೋಯಿತು, ಅವನ ಭುಜದ ಮೇಲಿಂದ ಬಾಗಿಲಿನೊಳಕ್ಕೆ. ಅವನು ನೆಲಕ್ಕೆ ಕಾಲಿಟ್ಟ. ಕೈ ಮುಗಿಯಬೇಕು, ಕೈ ಅರ್ಧ ಎದ್ದಿತು, ಯವ್ವಾ ಎಂಬುದು ಗಂಟಲ ತನಕ ಬಂದಿದೆ, ಯಾವ ದನಿ, ಯಾವ ದನಿ, ಅವಳು ಅವನ ಕಡೆ ನೋಡಿ ಕೇಳಿದಳು, ಅಣ್ಣಾರ, ಒಳಗ ಇನ್ನ ಯಾರರ ಹೆಣ್ಮಕ್ಕಳು ಅದಾರೇನ್ರಿ. ಅಂಗಡಿಯಲ್ಲಿ ಒಂದೂವರೆ ಇಂಚಿನ ವಾಷರ್ ಅದಾವೇನ್ರಿ ಎಂದು ಕೇಳಿದವರಿಗೆ ಹೇಳುವ ದನಿ ಒಂದಿದೆ ಅವನಿಗೆ, ಯೋಚನೆ ಮಾಡದೆ ತಾನೇ ಬರುವ ದನಿ, ಅದೇ ಬಂತು, ಇಲ್ಲವ್ವ, ಯಾರೂ ಇಲ್ಲ. ಹೌದೇನ್ರಿ, ಎಂದಳು. ಬರ್ತಾಳೇಳು, ಎಂದಳು ತಾಯಿ ಕಟ್ಟೆಯಿಂದ, ಮಕ್ಕಳೊಂದಿಗಳು, ಎರಡು ಹುಡುಗರನ್ನ ಬಿಟ್ಟು ಬರಬೇಕಂದ್ರ ಸುಮ್ನ ಅಲ್ಲ, ಮುಂದಿನ ಬಸ್ಸಿಗಿ ಬರ್ತಾಳ. ದೀಪಾ ಫೋನು ತೆಗೆದು ಒತ್ತಿ ಕಿವಿಗಿಟ್ಟಳು, ಜಂಬಣ್ಣನ ಕಿಸೆಯಲ್ಲಿ ಎದೆಯ ಮೇಲೆ ಅದು ನಡುಗಿತು, ಒಂದು ಮೊಳದ ಅಂತರ, ಕೈ ಚಾಚಿದರೆ ಸಿಗುವಷ್ಟು, ಅವಳು ಕೇಳುತ್ತಿದ್ದಾಳೆ, ಅದು ನಡುಗುತ್ತಿದೆ, ಹೇಳು, ಈಗ ಹೇಳು, ಕಿಸೆಯಿಂದ ತೆಗೆದು ತೋರಿಸಿದರೂ ಸಾಕು ಮಾತೇ ಬೇಡ, ಕೈ ಕಿಸೆಯ ಮೇಲೆ ಹೋಗಿ ಕೂತಿತು, ಎದೆನೋವಿನವನ ಹಾಗೆ, ನಿಂತಿತು ಫೋನು, ಅವಳು ಮತ್ತೆ ಒತ್ತಿದಳು, ಮತ್ತೆ ನಡುಗಿತು, ಅವಳು ಅವನನ್ನು ನೋಡುತ್ತಿಲ್ಲ, ಅವನ ಭುಜದ ಮೇಲಿಂದ ಬಾಗಿಲು ನೋಡುತ್ತಿದ್ದಾಳೆ, ಲಿಂಗಸುಗೂರು ಲಿಂಗಸುಗೂರು, ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು, ಬಾಗಿಲು ಹೋಯಿತು, ಅವಳು ನೋಡುತ್ತಿದ್ದಾಳೆ, ಅವನ ಭುಜದ ಮೇಲಿಂದ, ಬಾಗಿಲು ಇದ್ದ ಜಾಗವನ್ನು, ಫೋನು ಕಿವಿಗೆ ಹಿಡಿದು, ಅರ್ಧ ನಗು ತಂದುಕೊಂಡು, ಅವನ ಭುಜದ ಮೇಲಿಂದ —